ತಟ್ಟೆ ಯಾರ ಮುಂದೆ ಹೋಗಬೇಕು?

ಹರಿಕಥೆಯಲ್ಲಿ ಮಂಗಳಾರತಿ ತಟ್ಟೆ ಸಭಿಕರ ನಡುವೆ ಸುತ್ತುತ್ತದೆ. ಕೊಡುವವರು ಕೊಡುತ್ತಾರೆ, ಕೊಡದವರೂ ಕೈಮುಗಿಯುತ್ತಾರೆ. ಯಕ್ಷಗಾನದ ಡೇರೆ ಮೇಳಗಳು ಟಿಕೆಟ್ಟಿನಿಂದ ನಡೆದವು. ಹರಕೆ ಆಟಕ್ಕೆ ಸೇವಾಕರ್ತರೊಬ್ಬರು ಖರ್ಚು ಹೊತ್ತರೆ ಊರಿಗೆಲ್ಲ ಪುಕ್ಕಟೆ ಆಟ. ಕಲಾವಿದನ ಹೊಟ್ಟೆಯೂ ತುಂಬಬೇಕು ಎನ್ನುವುದರಲ್ಲಿ ನಮ್ಮ ಹಿರಿಯರಿಗೆ ಅನುಮಾನವಿರಲಿಲ್ಲ. ಹಾಗಾಗಿ 'ವಿಡಿಯೊ ಮಾಡಿ ದುಡ್ಡು ಮಾಡ್ತಾರೆ' ಎಂದು ಮೂಗು ಮುರಿಯುವವರ ಜೊತೆ ನಾನಿಲ್ಲ. ನನ್ನ ಪ್ರಶ್ನೆ ಬೇರೆ: ದುಡ್ಡು ಬರುವ ದಾರಿ ಬದಲಾದರೆ, ಮಾತನಾಡುವವನು ಯಾರ ಋಣದಲ್ಲಿರುತ್ತಾನೆ?

ದಾರಿಗಳು ಹಲವು. ಯೂಟ್ಯೂಬ್ 2007ರಿಂದ ಜಾಹೀರಾತಿನ ಆದಾಯವನ್ನು ವಿಡಿಯೊ ಮಾಡುವವರೊಂದಿಗೆ ಹಂಚಿಕೊಳ್ಳುತ್ತಿದೆ. ಉದ್ದದ ವಿಡಿಯೊಗಳಲ್ಲಿ ಅವರ ಪಾಲು ನೂರಕ್ಕೆ 55, ಶಾರ್ಟ್ಸ್‌ನಲ್ಲಿ 45. ನೋಡುಗರೇ ಕೊಡುವ ಸೂಪರ್ ಚಾಟ್, ಸದಸ್ಯತ್ವದ ಹಣದಲ್ಲಿ 70. ಇವುಗಳ ಆಚೆ ಪ್ರಾಯೋಜಕರಿದ್ದಾರೆ. ಆ ಹಣ ಕಂಪನಿಯಿಂದ ನೇರವಾಗಿ ಬರುತ್ತದೆ.

ಪ್ರತಿ ದಾರಿಯೂ ಮಾತನ್ನು ತನ್ನ ಕಡೆಗೆ ಎಳೆಯುತ್ತದೆ. ವಿಡಿಯೊ ಎಂಟು ನಿಮಿಷ ದಾಟಿದರೆ ನಡುವೆಯೂ ಜಾಹೀರಾತು ಹಾಕಬಹುದು. ಹೀಗಾಗಿ ನಾಲ್ಕು ನಿಮಿಷದ ಸಾರಿಗೆ ಒಗ್ಗರಣೆ ಬೀಳುವ ಮೊದಲೇ ಮೂರು ನಿಮಿಷದ ಪೀಠಿಕೆ. ಇಲ್ಲಿ ಹೋಗುವುದು ನಮ್ಮ ಸಮಯ. ಅದು ನಮಗೂ ಗೊತ್ತು, ಮುಂದಕ್ಕೆ ಓಡಿಸಿಕೊಂಡು ನೋಡುತ್ತೇವೆ. ಪ್ರಾಯೋಜಕರ ವಿಷಯ ಅಷ್ಟು ಸರಳವಲ್ಲ.

ಪುಣೆಯಲ್ಲಿ ನನಗೊಬ್ಬ ಧಾರವಾಡದ ಗೆಳೆಯನಿದ್ದಾನೆ. ಹೊಸದಾಗಿ ಬಂದ ಕನ್ನಡದ ಹುಡುಗರಿಗೆ ಬಾಡಿಗೆ ರೂಮು, ಡಿಪಾಸಿಟ್ಟು, ಮೆಸ್ಸಿನ ಊಟ ಎಲ್ಲವನ್ನೂ ವಿವರಿಸುವ ಚಾನೆಲ್ ಅವನದು. ಕೆಲವು ವರ್ಷದ ಹಿಂದೆ ದುಡ್ಡು ಕಟ್ಟಿ ಆಡುವ ಆಟದ ಆ್ಯಪ್‌ನವರು ಅವನನ್ನು ಹುಡುಕಿಕೊಂಡು ಬಂದರು. ಅರ್ಧ ನಿಮಿಷದ ಮಾತಿಗೆ ಅವರು ಹೇಳಿದ ಮೊತ್ತ ಅವನ ಆರು ತಿಂಗಳ ಜಾಹೀರಾತಿನ ಗಳಿಕೆಗಿಂತ ಹೆಚ್ಚು. 'ನಾ ಯಾರಿಗೂ ಆಡ್ರಿ ಅಂತ ಜುಲುಮಿ ಮಾಡಂಗಿಲ್ಲೋ. ನೋಡೋರು ಶಾಣ್ಯಾರದಾರ. ಕೊನೀಗೆ ಎಚ್ಚರಿಕಿ ಮಾತೂ ಹೇಳ್ತೀನಿ. ಇದರಾಗ ತಪ್ಪೇನೈತಿ?' ಎಂದು ನನ್ನನ್ನು ಕೇಳಿದ.

ಸುಲಭವಾಗಿ ತಳ್ಳಿಹಾಕುವ ವಾದವಲ್ಲ ಅದು. ಒಂದು ವಿಡಿಯೊಗೆ ಅವನ ಎರಡು ವಾರಾಂತ್ಯ ಹೋಗುತ್ತವೆ, ಮನೆ ಸಾಲದ ಕಂತೂ ಇದೆ. ಆದರೆ ಆ್ಯಪ್‌ನವರು ಕೊಳ್ಳುತ್ತಿದ್ದದ್ದು ಅರ್ಧ ನಿಮಿಷವನ್ನಲ್ಲ. ಅಷ್ಟೇ ಆಗಿದ್ದರೆ ಮಾಮೂಲಿ ಜಾಹೀರಾತು ಅಗ್ಗಕ್ಕೆ ಸಿಗುತ್ತಿತ್ತು. ಊರು ಬಿಟ್ಟು ಬಂದವನ ಕಿವಿಗೆ ತನ್ನ ಕಡೆಯ ಮಾತು ಬಿದ್ದಾಗ ಮನಸ್ಸು ಸಡಿಲಾಗುತ್ತದಲ್ಲ, ಆ ಸಡಿಲಿಕೆಯನ್ನು ಅವರು ಕೊಳ್ಳಲು ಬಂದಿದ್ದರು. ಅದು ನೋಡುಗರು ನಂಬಿ ಇವನ ಬಳಿ ಇಟ್ಟ ಗಂಟು. ಇನ್ನೊಬ್ಬರು ಇಟ್ಟ ಗಂಟನ್ನು ಕಾಯಬಹುದು, ಮಾರುವಂತಿಲ್ಲ. ಅವನಿಗೆ ನಾನು ಹೇಳಿದ್ದು ಇಷ್ಟೇ.

ಹಾಗೆಂದು ಪ್ರಾಯೋಜಕರೆಲ್ಲ ಕೆಟ್ಟವರಲ್ಲ. ಸೇವಾಕರ್ತರ ಹೆಸರು ಹೇಳಿ ಪ್ರಸಾದ ಕೊಟ್ಟರೆ ಆಟ ಕೆಡುವುದಿಲ್ಲ. ಪ್ರಸಂಗದ ನಡುವೆ ಕೃಷ್ಣನೇ ನಿಂತು ಅವರ ಅಂಗಡಿಯ ಸರಕು ಹೊಗಳಿದರೆ ಕೆಡುತ್ತದೆ. ಹಣ ಪಡೆದ ಪ್ರಚಾರವನ್ನು ಹಾಗೆಂದೇ ಗುರುತಿಸಬೇಕು ಎಂದು ಭಾರತೀಯ ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿ ಮಾರ್ಗಸೂಚಿ ತಂದಿತು. ಒಳ್ಳೆಯದೇ. ಆದರೆ ಆ ಚೀಟಿ ಹಣ ಕೈ ಬದಲಾಯಿಸಿದ್ದನ್ನು ಮಾತ್ರ ಹೇಳುತ್ತದೆ. ಹೇಳುವವನಿಗೆ ತನ್ನ ಮಾತಿನಲ್ಲಿ ನಂಬಿಕೆ ಇದೆಯೇ ಎಂಬುದನ್ನಲ್ಲ. 2025ರ ಕಾನೂನು ದುಡ್ಡಿನ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸಿತು. ಆ ಬಾಗಿಲು ಮುಚ್ಚಿದರೂ ದಿಢೀರ್ ಸಾಲ, ಬೆಳ್ಳಗಾಗಿಸುವ ಕ್ರೀಮು, ಕೆಲಸ ಕೊಡಿಸುವ ಕೋರ್ಸುಗಳ ಬಾಗಿಲುಗಳು ತೆರೆದೇ ಇವೆ. ಅಲ್ಲಿ ತೀರ್ಮಾನ ಮಾತನಾಡುವವನದೇ.

ಅವನೊಬ್ಬನದೇ ಎಂದರೆ ಅನ್ಯಾಯವಾದೀತು. ನಾವು ಜಾಹೀರಾತು ತಡೆಯುವ ತಂತ್ರಾಂಶ ಹಾಕಿಕೊಂಡು, ಬಿಟ್ಟಿ ನೋಡಿ, ಮೇಲಿಂದ ಪ್ರಾಮಾಣಿಕತೆಯನ್ನೂ ಕೇಳುತ್ತೇವೆ. ನೋಡುಗರೇ ಕಡಿಮೆಯಿರುವ ಕನ್ನಡದ ಚಾನೆಲ್‌ಗೆ ಜಾಹೀರಾತಿನಿಂದ ಬರುವುದು ಅಲ್ಪ. ತಟ್ಟೆ ನಮ್ಮ ಮುಂದೆ ಖಾಲಿಯಾಗಿ ಹಾದುಹೋದರೆ, ಅದನ್ನು ತುಂಬಲು ಕಾದಿರುವವರಿಗೆ ಕೊರತೆಯಿಲ್ಲ.

ಗೆಳೆಯ ಆ ಒಪ್ಪಂದಕ್ಕೆ ಸಹಿ ಹಾಕಲಿಲ್ಲ, ಬದಲಿಗೆ ಸದಸ್ಯತ್ವ ಶುರುಮಾಡಿದ. ಇವತ್ತಿಗೆ ಸದಸ್ಯರು ಐವತ್ತು ದಾಟಿಲ್ಲ. ನಾನೂ ತಿಂಗಳಿಗೆ 59 ರೂಪಾಯಿ ಕೊಡುತ್ತೇನೆ. ಆಫೀಸಿನ ಕೆಳಗೆ ಎರಡು ಸಲ ಕಾಫಿ ಕುಡಿದರೆ ಅದಕ್ಕಿಂತ ಹೆಚ್ಚಾಗುತ್ತದೆ.