ಸೇವೆಯಲ್ಲಿ ಕರ್ತೃ ಯಾರು?

ಶಾಲೆಯ ಕೈತೋಟ, ಊರಿನ ಕಲ್ಯಾಣಿಯ ಹೂಳೆತ್ತುವಿಕೆ, ಗ್ರಂಥಾಲಯದ ಜೋಡಣೆ ಮೊದಲಾದ ಕೆಲಸಗಳನ್ನು ವಿದ್ಯಾರ್ಥಿಗಳು ಕೈಗೆತ್ತಿಕೊಂಡಾಗ ಅವರ ಬೆಂಬಲಕ್ಕೆ ನಿಲ್ಲುವ ಹಿರಿಯ ಸ್ವಯಂಸೇವಕರ ಸ್ಥಾನವು ಧರ್ಮಜಿಜ್ಞಾಸೆಗೆ ಯೋಗ್ಯವಾದ ಪ್ರಶ್ನೆಯೊಂದನ್ನು ಎತ್ತುತ್ತದೆ. ಹಸಿದವರಿಗೆ ಅನ್ನವಿಕ್ಕುವಲ್ಲಿ ಸೇವೆ ಮಾಡುವವರು ಯಾರು, ಪಡೆಯುವವರು ಯಾರು ಎಂಬುದು ಸ್ಪಷ್ಟ. ಆದರೆ ಕಿರಿಯರೇ ಸೇವೆಗೆ ಹೊರಟಿರುವಲ್ಲಿ ಹಿರಿಯರ ನೆರವು ಹೆಚ್ಚಿದಷ್ಟೂ ಕಿರಿಯರ ಕರ್ತೃತ್ವ, ಅಂದರೆ ಕೆಲಸವನ್ನು ತಾವೇ ನಿಶ್ಚಯಿಸಿ ತಾವೇ ನೆರವೇರಿಸಿ ಅದರ ಹೊಣೆಯನ್ನು ತಾವೇ ಹೊರುವ ಅಧಿಕಾರ, ಕುಗ್ಗುತ್ತ ಹೋಗುವ ಸಂಭವವಿದೆ. ಇನ್ನೊಬ್ಬರ ಕರ್ತೃತ್ವವನ್ನು ಕಸಿದುಕೊಳ್ಳದೆ ಅವರಿಗೆ ನೆರವಾಗುವುದು ಹೇಗೆ ಎಂಬುದೇ ಇಲ್ಲಿ ವಿಚಾರಣೆಗೆ ಬರುವ ವಿಷಯ.

ಭಗವದ್ಗೀತೆಯ ಎರಡನೆಯ ಅಧ್ಯಾಯವು ಮನುಷ್ಯನಿಗೆ ಅಧಿಕಾರವಿರುವುದು ಕರ್ಮದಲ್ಲಿ, ಫಲದಲ್ಲಲ್ಲ ಎಂದು ನಿರ್ಣಯಿಸುತ್ತದೆ. ಈ ನಿರ್ಣಯವನ್ನು ಸಾಮಾನ್ಯವಾಗಿ ಕರ್ಮ ಮಾಡುವವನ ಮನಸ್ಸಿಗೆ ಅನ್ವಯಿಸಿ, ಫಲದ ಆಸೆಯನ್ನು ಬಿಟ್ಟು ದುಡಿಯಬೇಕೆಂಬ ನಿಷ್ಕಾಮಕರ್ಮದ ಉಪದೇಶವೆಂದು ವ್ಯಾಖ್ಯಾನಿಸಲಾಗುತ್ತದೆ. ನೆರವು ನೀಡುವವನ ಕಡೆಯಿಂದ ನೋಡಿದಾಗ ಅದರಿಂದ ಇನ್ನೊಂದು ಅರ್ಥವೂ ಹೊರಡುತ್ತದೆ. ಕರ್ಮವೊಂದೇ ಮನುಷ್ಯನಿಗಿರುವ ಅಧಿಕಾರವಾದರೆ, ಕಿರಿಯರ ಕೆಲಸವನ್ನು ತಾನೇ ಮಾಡಿ ಮುಗಿಸಿ ಅದರ ಕೀರ್ತಿಯನ್ನು ಅವರಿಗೆ ಒಪ್ಪಿಸುವ ಹಿರಿಯನು, ಎಷ್ಟೇ ಪ್ರೀತಿಯಿಂದ ಹಾಗೆ ಮಾಡಿದರೂ, ಅವರಿಗೆ ಸಲ್ಲಬೇಕಾದ ಕರ್ಮವನ್ನು ತಾನು ಇಟ್ಟುಕೊಂಡು ಅವರು ದುಡಿದು ಪಡೆಯದ ಫಲವನ್ನು ಅವರ ಕೈಗಿಡುತ್ತಾನೆ. ಗೀತೆಯ ಸನ್ನಿವೇಶವೂ ಈ ಅರ್ಥಕ್ಕೆ ಪೋಷಕವಾಗಿದೆ. ಕೃಷ್ಣನು ಆಯುಧ ಹಿಡಿಯುವುದಿಲ್ಲವೆಂಬ ಕಟ್ಟಳೆಯೊಡನೆ ಸಾರಥ್ಯ ವಹಿಸಿದವನು; ಹದಿನೆಂಟನೆಯ ಅಧ್ಯಾಯದಲ್ಲಿ ಉಪದೇಶ ಮುಗಿಯುತ್ತ ಬಂದಾಗ, ಹೇಳಿದ್ದನ್ನೆಲ್ಲ ಚೆನ್ನಾಗಿ ವಿಮರ್ಶಿಸಿ ಇಷ್ಟವಿದ್ದಂತೆ ಮಾಡೆಂದು ತೀರ್ಮಾನವನ್ನು ಅರ್ಜುನನಿಗೇ ಬಿಡುತ್ತಾನೆ. ಸರ್ವಸಮರ್ಥನೆಂದು ಭಕ್ತರು ನಂಬುವ ಗುರುವೇ ಶಿಷ್ಯನ ತೀರ್ಮಾನದ ಮುಂದೆ ತಡೆದು ನಿಲ್ಲುತ್ತಾನೆ ಎಂಬುದು ಮಾರ್ಗದರ್ಶನ ಮಾಡುವವರೆಲ್ಲರೂ ಗಮನಿಸಬೇಕಾದ ಸಂಗತಿ.

ಹನ್ನೆರಡನೆಯ ಶತಮಾನದ ಶರಣರ ವಿಚಾರವು ಇದೇ ಪ್ರಶ್ನೆಯನ್ನು ಮಿತಿಯ ದಿಕ್ಕಿನಿಂದ ಸ್ಪಷ್ಟಪಡಿಸುತ್ತದೆ. ಕಾಯಕವೆಂದರೆ ಸ್ವಂತ ಶರೀರಶ್ರಮದಿಂದ ಸತ್ಯಶುದ್ಧವಾಗಿ ಮಾಡುವ ದುಡಿಮೆ. ದಾಸೋಹವೆಂದರೆ ಆ ದುಡಿಮೆಯಿಂದ ಬಂದುದನ್ನು, ಕೊಡುವವನು ತಾನೆಂಬ ಹಮ್ಮಿಲ್ಲದೆ, ಸಮುದಾಯಕ್ಕೆ ಅರ್ಪಿಸುವುದು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಅವನ ಮಡದಿ ಲಕ್ಕಮ್ಮ ಅದನ್ನು ಆಸೆಯೆಂದು ಗುರುತಿಸಿ, ಹೆಚ್ಚಿನದನ್ನು ತಂದಲ್ಲಿಗೇ ಹಿಂತಿರುಗಿಸುವಂತೆ ಹೇಳಿದಳೆಂದು ಶರಣಪರಂಪರೆ ನೆನೆಯುತ್ತದೆ. ಆ ಅಕ್ಕಿಯೂ ದಾಸೋಹಕ್ಕಾಗಿಯೇ ಬಂದದ್ದಾದ್ದರಿಂದ, ಒಳ್ಳೆಯ ಉದ್ದೇಶವಿದ್ದರೂ ಮಿತಿ ಮೀರಿ ತೆಗೆದುಕೊಳ್ಳುವುದು ಆಸೆಯೇ ಎಂಬುದು ಲಕ್ಕಮ್ಮನ ನಿಲುವಿನ ತಿರುಳು. ಕಾಯಕವನ್ನು ಒಬ್ಬರ ಪರವಾಗಿ ಇನ್ನೊಬ್ಬರು ಮಾಡಲಾಗದು. ಕಿರಿಯರ ಕೆಲಸದಲ್ಲಿ ತನ್ನ ಪಾಲಿಗಿಂತ ಹೆಚ್ಚನ್ನು ತಾನೇ ಮಾಡುವ ಹಿರಿಯನೂ ಆ ಮಿತಿಯನ್ನು ಮೀರಿದವನೇ.

ಈ ತತ್ತ್ವಗಳನ್ನು ಒರೆಗೆ ಹಚ್ಚಿ ನೋಡಲು ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ಕಾಲೇಜುಗಳಲ್ಲಿ ಎನ್‌ಎಸ್‌ಎಸ್ ಎಂದೇ ಕರೆಯುವ ವ್ಯವಸ್ಥೆ, ಒಳ್ಳೆಯ ನಿದರ್ಶನ. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು, ಮುಂದೆ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು ಕಟ್ಟಿದ ವಿ.ಕೆ.ಆರ್.ವಿ. ರಾವ್ ಅವರು ಕೇಂದ್ರದ ಶಿಕ್ಷಣ ಸಚಿವರಾಗಿದ್ದಾಗ, 37 ವಿಶ್ವವಿದ್ಯಾಲಯಗಳಲ್ಲಿ ಈ ಯೋಜನೆ ಆರಂಭವಾಯಿತು. ಸ್ವಯಂಸೇವಕರು ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆಯನ್ನು ಪೂರೈಸಬೇಕು. ಜೊತೆಗೆ ಹಳ್ಳಿಯೊಂದರಲ್ಲಿ 7 ದಿನಗಳ ವಾರ್ಷಿಕ ವಿಶೇಷ ಶಿಬಿರ ನಡೆಯುತ್ತದೆ. ಪ್ರತಿ ಘಟಕಕ್ಕೂ ಕಾರ್ಯಕ್ರಮಾಧಿಕಾರಿಯೆಂಬ ಹೆಸರಿನ ಅಧ್ಯಾಪಕರೊಬ್ಬರಿದ್ದು, ಮೇಲೆ ಹೇಳಿದ ಸಾರಥ್ಯದ ಪ್ರಶ್ನೆ ಎದುರಾಗುವುದು ಅವರಿಗೇ.

ಇಂಥ ಶಿಬಿರದ ಶ್ರಮದಾನದಲ್ಲಿ ಶಾಲೆಯ ಅಂಗಳದ ನೀರು ಹೊರಹೋಗಲು ಚರಂಡಿ ತೋಡುವ ಕೆಲಸವನ್ನು ಪರಿಶೀಲಿಸಬಹುದು. ಹಾರೆ, ಗುದ್ದಲಿ, ಮಂಕರಿ ಹಿಡಿದು ರೂಢಿಯಿಲ್ಲದ ಕೈಗಳಲ್ಲಿ ಮೊದಲ ದಿನವೇ ಬೊಬ್ಬೆಗಳೇಳುತ್ತವೆ. ಇಳಿಜಾರು ತಪ್ಪಿದರೆ ತೋಡಿದ ಚರಂಡಿಯಲ್ಲೇ ನೀರು ನಿಲ್ಲುತ್ತದೆ. ಆಗ ಅಧಿಕಾರಿಯ ಮುಂದೆ ಎರಡು ದಾರಿಗಳಿರುತ್ತವೆ. ಜೆಸಿಬಿಯೊಂದನ್ನು ತರಿಸಿದರೆ ಕೆಲಸ ಬಹುಬೇಗ ಮುಗಿದು, ಸಮಾರೋಪದ ವರದಿಗೆ ಬೇಕಾದ ಚಿತ್ರವೂ ಸಿಗುತ್ತದೆ. ಅದನ್ನು ಬಿಟ್ಟು, ನೀರು ಎಲ್ಲಿ ನಿಂತಿತು, ಏಕೆ ನಿಂತಿತು ಎಂಬ ಪ್ರಶ್ನೆಯನ್ನು ಸಂಜೆಯ ಅವಲೋಕನ ಸಭೆಯಲ್ಲಿ ಶಿಬಿರಾರ್ಥಿಗಳ ಮುಂದಿಟ್ಟರೆ, ಅವರು ಊರಿನ ಗಾರೆ ಕೆಲಸದವರ ಬಳಿ ಹೋಗಿ, ನೀರು ತುಂಬಿದ ಪೈಪಿನಿಂದ ಮಟ್ಟ ನೋಡುವುದನ್ನು ಕಲಿತು, ಮರುದಿನ ತಾವೇ ತಿದ್ದುವ ಅವಕಾಶ ಉಳಿಯುತ್ತದೆ. ಮೊದಲನೆಯ ದಾರಿಯಲ್ಲಿ ಊರಿಗೆ ಚರಂಡಿ ಮಾತ್ರ ದೊರೆಯುತ್ತದೆ. ಎರಡನೆಯದರಲ್ಲಿ ಚರಂಡಿಯ ಜೊತೆಗೆ, ಊರಿನ ಕಷ್ಟವನ್ನು ತಮ್ಮದೆಂದು ಹೊರಬಲ್ಲ ಮನಸ್ಸುಗಳೂ ರೂಪುಗೊಳ್ಳುತ್ತವೆ.

ಈ ನಿಲುವಿಗೆ ಎರಡು ಆಕ್ಷೇಪಗಳು ಬರಬಹುದು. ಕಿರಿಯರು ತಪ್ಪುವುದನ್ನು ನೋಡುತ್ತ ಸುಮ್ಮನಿರುವುದು ಹೊಣೆಗೇಡಿತನವಲ್ಲವೇ ಎಂಬುದು ಮೊದಲನೆಯದು. ಇಲ್ಲಿ ಅಪಾಯವನ್ನೂ ತಪ್ಪನ್ನೂ ಬೇರ್ಪಡಿಸಿ ನೋಡಬೇಕು. ಪ್ರಾಣಕ್ಕೆ, ಆರೋಗ್ಯಕ್ಕೆ, ಮಾನಕ್ಕೆ ಧಕ್ಕೆಯಾಗುವ ಕಡೆ ಹಿರಿಯರು ತಡಮಾಡದೆ ಅಡ್ಡಬರಲೇಬೇಕು. ಆದರೆ ತಿದ್ದಿಕೊಳ್ಳಬಹುದಾದ ತಪ್ಪು ಕಲಿಕೆಯ ಅಂಗ, ಅದನ್ನು ತಪ್ಪಿಸುವ ಆತುರ ಕಲಿಕೆಯನ್ನೇ ತಪ್ಪಿಸುತ್ತದೆ. ಕುಂದಾಪುರದ ಕಡೆಯ ಹಳ್ಳಿಗಳಲ್ಲಿ 1990ರ ದಶಕದಲ್ಲಿ ಹುಟ್ಟಿದ ಮಕ್ಕಳ ಪಂಚಾಯಿತಿಗಳು ಈ ಸಮತೋಲವನ್ನು ವ್ಯವಸ್ಥೆಯ ರೂಪಕ್ಕೆ ತಂದವು. ಅಲ್ಲಿ 'ಮಕ್ಕಳ ಮಿತ್ರ' ಎಂಬ ಹಿರಿಯರನ್ನು ಮಕ್ಕಳೇ ಆರಿಸಿಕೊಂಡರು. ಕಷ್ಟ ಬಂದಾಗ ಮಕ್ಕಳು ಅವರ ಬಳಿ ಹೋಗಬಹುದಾಗಿದ್ದರೂ, ಮಳೆಗಾಲದಲ್ಲಿ ಹಳ್ಳ ದಾಟಲು ಕಾಲುಸಂಕ ಬೇಕೆಂಬಂಥ ಬೇಡಿಕೆಗಳನ್ನು ಗುರುತಿಸಿ ದೊಡ್ಡವರ ಮುಂದಿಡುವವರು ಮಕ್ಕಳೇ ಆಗಿದ್ದರು.

ಗಂಟೆಗಳ ಲೆಕ್ಕಕ್ಕೂ ಪ್ರಮಾಣಪತ್ರಕ್ಕೂ ಮಾಡುವ ಕೆಲಸವು ಸೇವೆಯಾಗುವುದೇ ಎಂಬುದು ಎರಡನೆಯ ಆಕ್ಷೇಪ. ಪ್ರಮಾಣಪತ್ರವೂ ಫಲವೇ ಆದ್ದರಿಂದ ಆಕ್ಷೇಪದಲ್ಲಿ ಹುರುಳಿದೆ. ಆದರೆ ನಿಷ್ಕಾಮಭಾವವು ಸಾಧನೆಯಿಂದ, ಅಂದರೆ ಮತ್ತೆ ಮತ್ತೆ ಮಾಡುವ ಅಭ್ಯಾಸದಿಂದ, ಬರತಕ್ಕದ್ದೇ ಹೊರತು ಆರಂಭಕ್ಕೆ ಮೊದಲೇ ಇರಬೇಕಾದ ಅರ್ಹತೆಯಲ್ಲ. 1923ರಲ್ಲಿ ಸೇವಾದಳವನ್ನು ಸ್ಥಾಪಿಸಿದ ಎನ್.ಎಸ್. ಹರ್ಡೀಕರರ ಶಿಸ್ತಿನ ಶಿಕ್ಷಣವಾಗಲಿ, ಬೆಂಗಳೂರಿನಲ್ಲಿ ಹುಟ್ಟಿ ದೇಶದುದ್ದಗಲಕ್ಕೂ ಯುವಶಿಬಿರಗಳನ್ನು ನಡೆಸಿದ ಎಸ್.ಎನ್. ಸುಬ್ಬರಾವ್ ಅವರ ಶ್ರಮದಾನದ ಪದ್ಧತಿಯಾಗಲಿ, ಭಾವ ಹುಟ್ಟಲೆಂದು ಕಾಯದೆ ಮೊದಲು ಕೈಗಳಿಗೆ ಕೆಲಸ ಕೊಟ್ಟವು. ಪ್ರಮಾಣಪತ್ರಕ್ಕಾಗಿ ಬಂದ ವಿದ್ಯಾರ್ಥಿಯೂ ತನ್ನದೆಂದು ಹೇಳಬಲ್ಲ ಕೆಲಸ ಸಿಕ್ಕಿದಾಗ ಅದರಲ್ಲಿ ತನ್ಮಯನಾಗಬಲ್ಲನು. ಎಲ್ಲವನ್ನೂ ಹಿರಿಯರೇ ಮಾಡಿಮುಗಿಸಿದಲ್ಲಿ ಅವನಿಗೆ ಉಳಿಯುವುದು ಪ್ರಮಾಣಪತ್ರವೊಂದೇ.

ಆದ್ದರಿಂದ ಕಿರಿಯರ ಸೇವೆಗೆ ನೆರವಾಗುವವರು ಫಲದ ಆಸೆಯ ಜೊತೆಗೆ, ತಾವಿಲ್ಲದೆ ಕೆಲಸ ಸಾಗದು ಎಂಬ ಅಭಿಮಾನವನ್ನೂ ತ್ಯಜಿಸಬೇಕಾಗುತ್ತದೆ. ಈ ಎರಡನೆಯ ತ್ಯಾಗವೇ ಹೆಚ್ಚು ಕಠಿಣ, ಏಕೆಂದರೆ ಅದು ಪ್ರೀತಿಯ ವೇಷದಲ್ಲಿ ಇರುವ ಅಹಂಕಾರವನ್ನು ಬಿಡುವಂತೆ ಕೇಳುತ್ತದೆ. ಅಧ್ಯಾಪಕರೂ ಪೋಷಕರೂ ಸಂಘಸಂಸ್ಥೆಗಳ ಹಿರಿಯರೂ ಮುಂದಿನ ಯಾವುದೇ ಶಿಬಿರಕ್ಕೆ ಅಥವಾ ಶಾಲೆಯ ಕಾರ್ಯಕ್ಕೆ ಹೊರಡುವ ಮೊದಲು, ಕಿರಿಯರಿಗಾಗಿ ಏನೇನು ಮಾಡಬೇಕೆಂದು ಪಟ್ಟಿ ಮಾಡುವಷ್ಟೇ ಶ್ರದ್ಧೆಯಿಂದ, ಅವರಿಗೆ ಏನೇನನ್ನು ಬಿಟ್ಟುಕೊಡಬೇಕೆಂಬುದನ್ನೂ ನಿಶ್ಚಯಿಸಿಕೊಳ್ಳಲಿ.