ಪಿಸ್ತೂಲು ಮತ್ತು ಅಣುವ್ರತ

ಹತ್ತಿಕುಣಿ ಜಲಾಶಯದ ಬಳಿ ಒಂಟಿ ತೋಟದ ಮನೆಯಲ್ಲಿರುವ ಶ್ರಾವಕನೊಬ್ಬನು, ಆತ್ಮರಕ್ಷಣೆಗೆಂದು ಪಿಸ್ತೂಲು ಇಟ್ಟುಕೊಳ್ಳಬಹುದೇ ಎಂದು ಕೇಳಿದನೆನ್ನೋಣ. 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಸಾಮಾನ್ಯ ಪರವಾನಗಿದಾರನಿಗೆ ಸೈನ್ಯದ 9 ಮಿ.ಮೀ. ಪಿಸ್ತೂಲು ನಿಷಿದ್ಧ; ಅನ್ಯದೇಶಗಳಲ್ಲಿ ಬಳಕೆ ತಗ್ಗಿರುವ .32 ಬೋರಿನದು ಸಲ್ಲುತ್ತದೆ. ಕಾನೂನು ನಳಿಗೆಯನ್ನು ಅಳೆಯುತ್ತದೆ, ಧರ್ಮವು ಮನಸ್ಸನ್ನು.

ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಬಿಡಲೇಬೇಕು. ಅನಿವಾರ್ಯವಾದ ವಿರೋಧೀ ಹಿಂಸೆಗೆ ಅವನ ಅಣುವ್ರತದಲ್ಲಿ ಎಡೆಯುಂಟು. ಆದರೆ ಈ ಪಿಸ್ತೂಲಿನಲ್ಲಿ ಒಂದು ಗುಂಡು ಹಾರಿದೊಡನೆ ಮತ್ತೊಂದು ತಾನಾಗಿಯೇ ಸಿದ್ಧವಾಗುತ್ತದೆ. ಕ್ರೋಧವು ತಣಿಯಲು ಬಿಡುವಿಲ್ಲ. ಅಭ್ಯಾಸದಲ್ಲಿ ಕಾಗದದ ಗುರಿಗೆ ಹೊಡೆದರೆ ಜೀವಹಾನಿಯಿಲ್ಲ ನಿಜ. ಅಲ್ಲಿ ಬದುವಿಗಾಗಿ ಜಗಳವಾಡಿದ ನೆರೆಯವನ ಮುಖ ಮೂಡಿದರೆ ಅದು ಅಪಧ್ಯಾನ, ಅನರ್ಥದಂಡ.

ಪರವಾನಗಿಯನ್ನು ಸರಕಾರ ನೀಡೀತು. ಆ ಮುಖ ಕಾಣುವವನು ಅರ್ಜಿ ಹಾಕದಿರುವುದೇ ಲೇಸು.