ನೆರೆಯವರ ಹಕ್ಕು

ನಮ್ಮ ನೆರೆಯಲ್ಲಿ ದೊಡ್ಡದೊಂದು ವಿದ್ಯಾಸಂಸ್ಥೆಯಿದೆ ಎಂದ ಮಾತ್ರಕ್ಕೆ ಅದರ ಮೇಲೆ ನಮಗೆ ಹಕ್ಕು ಬರುತ್ತದೆಯೆ? ಬೆಂಗಳೂರಿನ ನಾಗರಭಾವಿಯಲ್ಲಿರುವ ರಾಷ್ಟ್ರೀಯ ಕಾನೂನು ಶಾಲೆಯ ವಿಷಯದಲ್ಲಿ ಈ ಪ್ರಶ್ನೆ 2020ರಲ್ಲಿ ನ್ಯಾಯಾಲಯದ ಮೆಟ್ಟಿಲನ್ನೇ ಹತ್ತಿತು. ಶಾಲೆಯ ಸ್ಥಾನಗಳಲ್ಲಿ ನೂರಕ್ಕೆ 25ನ್ನು ಕರ್ನಾಟಕದ ವಿದ್ಯಾರ್ಥಿಗಳಿಗೆ ಮೀಸಲಿಡಬೇಕೆಂದು ವಿಧಾನಮಂಡಲ ಕಾಯಿದೆಯನ್ನು ತಿದ್ದಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಉಚ್ಚ ನ್ಯಾಯಾಲಯ ಆ ತಿದ್ದುಪಡಿಯನ್ನು ತಳ್ಳಿಹಾಕಿತು. ಮರುವರ್ಷ ಶಾಲೆಯೇ ತಾನಾಗಿ ಅಷ್ಟೇ ಪ್ರಮಾಣದ ಸ್ಥಾನಗಳನ್ನು ಕರ್ನಾಟಕದವರಿಗೆ ಮೀಸಲಿಟ್ಟಿತು. ವ್ಯಾಜ್ಯದ ಕಾವು ಇಳಿಯಿತು; ಪ್ರಶ್ನೆ ಉಳಿಯಿತು.

ನೆಲ ನಮ್ಮದು, ನೀರು ನಮ್ಮದು, ಆದ್ದರಿಂದ ಸೀಟೂ ನಮ್ಮದು ಎಂಬ ವಾದ ಕೇಳುವುದಕ್ಕೆ ಇಂಪಾಗಿದೆ. ನನಗೆ ಅದರಲ್ಲಿ ಅಷ್ಟಾಗಿ ನಂಬಿಕೆಯಿಲ್ಲ. ಅಚ್ಚುಕಟ್ಟಿನ ಗದ್ದೆಗಳಿಗೆ ಮಾತ್ರ ಹರಿಸುವುದಕ್ಕೆ ವಿದ್ಯೆ ಕೆರೆಯ ನೀರಲ್ಲ. ತೊಡಕು ಇನ್ನೊಂದಿದೆ. ಕರ್ನಾಟಕದ ವಿದ್ಯಾರ್ಥಿ ಎಂದರೆ ಇಲ್ಲಿ ಹತ್ತು ವರ್ಷ ಓದಿದವರು ಎಂದು ಅರ್ಥ. ಜಯನಗರದ ವಕೀಲರ ಮಗಳೂ ಹತ್ತು ವರ್ಷ ಓದಿರುತ್ತಾಳೆ. ಕುಣಿಗಲ್ ತಾಲ್ಲೂಕಿನ ಸರ್ಕಾರಿ ಶಾಲೆಯ ಹುಡುಗಿಯೂ ಓದಿರುತ್ತಾಳೆ. ಅಳತೆಗೋಲಿಗೆ ಇಬ್ಬರೂ ಒಂದೇ. ಸೀಮೆಯ ಹೆಸರಿನಲ್ಲಿ ತೆರೆದ ಬಾಗಿಲಿನಿಂದ ಮೊದಲು ಒಳಹೋಗುವವರು ಆ ಸೀಮೆಯ ಉಳ್ಳವರು.

ಉಳಿದವರು ಬಾಗಿಲಿನವರೆಗೂ ಬರುವುದಿಲ್ಲ. ಈಚಿನ ವರ್ಷಗಳಲ್ಲಿ ಪ್ರವೇಶ ಪರೀಕ್ಷೆಯ ಅರ್ಜಿಗೇ 4,000 ರೂಪಾಯಿ; ಬಡತನದ ರೇಖೆಯ ಕೆಳಗಿರುವವರಿಗೆ ದಯೆತೋರಿ 3,500. ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿ ಮಾತ್ರ. ಅದಕ್ಕೆ ತಯಾರಾಗಲು ಬೇಕಾದ ಕೋಚಿಂಗಿನ ಖರ್ಚು ಬೇರೆ. ಪಾಸಾದರೆ ವರ್ಷಕ್ಕೆ 3 ಲಕ್ಷಕ್ಕೂ ಮೀರಿದ ವೆಚ್ಚ, ಐದು ವರ್ಷ. ಶಾಲೆಯಲ್ಲಿ ಧನಸಹಾಯವುಂಟು, ಅದು ಬಾಗಿಲು ದಾಟಿದವರಿಗೆ.

ಯೋಗ್ಯತೆಯಿದ್ದವರು ಹೇಗಾದರೂ ಬಂದೇ ಬರುತ್ತಾರೆ ಎನ್ನುವವರಿದ್ದಾರೆ. ಕುಣಿಗಲ್ಲು ಕುದುರೆಗಳಿಗೆ ಹೆಸರಾದ ಊರು. ಅಲ್ಲಿ ಯಾರೂ ಮರಿಯನ್ನು ಬಯಲಿಗೆ ಬಿಟ್ಟು, ಕಸುವಿದ್ದರೆ ತಾನೇ ಪಂದ್ಯದ ಮೈದಾನಕ್ಕೆ ಓಡಿಬಂದೀತು ಎಂದು ಕಾಯುತ್ತ ಕೂರಲಿಲ್ಲ. ಅದೇ ಕಾನೂನು ಶಾಲೆಯಲ್ಲಿ ಓದಿದ ಶಮ್ನಾದ್ ಬಷೀರ್ ಅವರು 2010ರಲ್ಲಿ, ಸೌಕರ್ಯವಿಲ್ಲದ ಮಕ್ಕಳನ್ನು ಅವರಿದ್ದಲ್ಲಿಗೇ ಹೋಗಿ ಹುಡುಕಿ ಈ ಪರೀಕ್ಷೆಗೆ ಸಿದ್ಧಮಾಡುವ ಕೆಲಸವನ್ನು ಆರಂಭಿಸಿದರು. ಕಾಯುತ್ತ ಕೂತರೆ ಬಾರದ ಮಕ್ಕಳು ಇದ್ದರೆಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಗುಬ್ಬಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ವ್ಯಾಪಾರ ಮಾಡಿದ ತೋಟದಪ್ಪನವರಿಗೆ ಈ ಸಂಗತಿ ಬಹಳ ಹಿಂದೆಯೇ ಗೊತ್ತಿತ್ತು. 1903ರಲ್ಲಿ ಅವರು ಬೆಂಗಳೂರಿನ ರೈಲು ನಿಲ್ದಾಣದ ಬಳಿ ಛತ್ರ ಕಟ್ಟಿಸಿದರು. ಅವರ ಹೆಸರಿನ ಧರ್ಮಸಂಸ್ಥೆ ಉಚಿತ ವಿದ್ಯಾರ್ಥಿನಿಲಯವನ್ನೂ ನಡೆಸಿತು. ವ್ಯಾಪಾರಿಯಾದುದರಿಂದಲೇ ಇರಬೇಕು, ಓದಿನ ಖರ್ಚಿನಲ್ಲಿ ಶುಲ್ಕ ಒಂದು ಬಾಬು ಮಾತ್ರ, ಊಟ ಮತ್ತು ಮಲಗುವ ಜಾಗ ಇನ್ನೊಂದು ಬಾಬು ಎಂಬುದು ಅವರಿಗೆ ಹೊಳೆದದ್ದು. ನಿಲಯ ಅವರ ಸಮಾಜದ ಹುಡುಗರಿಗಾಗಿ ಎಂಬ ಮಿತಿ ಇದ್ದದ್ದು ನಿಜ. ತುಮಕೂರಿನ ಬಳಿಯ ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳು ಅಂಥ ಮಿತಿಯನ್ನಿಡದೆ, ಜಾತಿ ಕೇಳದೆ, ಸಾವಿರಾರು ಮಕ್ಕಳಿಗೆ ಅನ್ನ, ಆಸರೆ, ಅಕ್ಷರಗಳನ್ನು ಕೊಟ್ಟರು. ಇಬ್ಬರ ಲೆಕ್ಕವೂ ಶುರುವಾದದ್ದು ರಾತ್ರಿಯ ಊಟದಿಂದ.

ಈಗ ಆ ಜಾಗಕ್ಕೆ ಸಾಲ ಬಂದಿದೆ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಯ್ದ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಜಾಮೀನಿಲ್ಲದೆ ಸಾಲ. ಮನೆಯ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಬಡ್ಡಿಯಲ್ಲಿ ನೂರಕ್ಕೆ 3ರ ರಿಯಾಯಿತಿ. ಇದು ಸಣ್ಣ ಉಪಕಾರವಲ್ಲ. ಆದರೆ ಸಾಲ ಓದಿಸುವುದರ ಜೊತೆಗೆ, ಓದಿ ಮುಗಿಸಿದವನು ಎಲ್ಲಿಗೆ ಹೋಗಬೇಕೆಂಬುದನ್ನೂ ಗೊತ್ತುಮಾಡುತ್ತದೆ. ಗುಬ್ಬಿಯ ಎರಡೆಕರೆ ತೆಂಗಿನ ತೋಟದ ಮನೆಯ ಹುಡುಗ 10 ಲಕ್ಷದ ಋಣ ಹೊತ್ತು ಹೊರಬಂದರೆ ಗುಬ್ಬಿಯ ಕೋರ್ಟಿನಲ್ಲಿ ನಿಂತು ಪಾಲಿನ ದಾವೆ ನಡೆಸಿಯಾನೆ? ಮುಂಬಯಿಯಲ್ಲಿ ಕಂಪನಿಗಳ ಕೆಲಸ ನೋಡುವ ಕಚೇರಿಯನ್ನು ಸೇರುತ್ತಾನೆ, ಸೇರಲೇಬೇಕು. ಅವನನ್ನು ದೂರುವಂತಿಲ್ಲ. ಸಾಲವಿಲ್ಲದೆ ಓದಿದ ಜಯನಗರದ ಹುಡುಗಿಗಾದರೋ ಎರಡೂ ದಾರಿ ತೆರೆದೇ ಇರುತ್ತವೆ.

ಆದುದರಿಂದ ನೆರೆಯವರಿಗೆ ಹಕ್ಕಿದೆಯೆ ಎಂಬ ಪ್ರಶ್ನೆಯನ್ನು ನಮ್ಮ ಸರ್ಕಾರದ ಕಡೆಗೇ ತಿರುಗಿಸಬೇಕೆಂದು ನನಗೆ ತೋರುತ್ತದೆ. ಆ ಕುಣಿಗಲ್ಲಿನ ಹುಡುಗಿಗೆ ಹಕ್ಕಿರುವುದು ಶಾಲೆಯ ಮೇಲಲ್ಲ, ನಮ್ಮ ಮೇಲೆ. ಸೀಟಿಗಾಗಿ ಕಾಯಿದೆಯನ್ನೇ ತಿದ್ದಲು ಮುಂದಾದವರು ಅವಳ ಅರ್ಜಿಯ ಹಣವನ್ನೂ, ತುಮಕೂರಿನಲ್ಲಿ ಒಂದು ವರ್ಷದ ಇಂಗ್ಲಿಷ್ ಪಾಠವನ್ನೂ, ನಾಗರಭಾವಿಯಲ್ಲಿ ಐದು ವರ್ಷದ ಊಟ ವಸತಿಯನ್ನೂ ವಹಿಸಿಕೊಳ್ಳಲಿ. ಅದಕ್ಕೆ ತಿದ್ದುಪಡಿ ಬೇಕಾಗಿಲ್ಲ. ತಳ್ಳಿಹಾಕುವುದಕ್ಕೆ ಯಾವ ನ್ಯಾಯಾಲಯಕ್ಕೂ ಕಾರಣ ಸಿಕ್ಕಲಾರದು.